ಅಳಿಸಿದ ಗೀಟುಗಳು

ಹಾಸಿಗೆ ಅಂಗಡಿಯ ಮೂರನೆಯ ಮಹಡಿಯಲ್ಲಿ ಒಂದು ರೇಡಿಯೋ ಕೇಂದ್ರವಿತ್ತು. ಅಂಗಡಿಯೂ ಕೇಂದ್ರವೂ ಒಬ್ಬರದೇ. ಕೆಳಗೆ ಜನರನ್ನು ಮಲಗಿಸುವ ವ್ಯಾಪಾರ, ಮೇಲೆ ಜನರನ್ನು ಕುಣಿಸುವ ವ್ಯಾಪಾರ. ಕೆಳಗಿನದು ನಡೆಯುತ್ತಿತ್ತು. ಮೇಲಿನದು ಇಂದಲ್ಲ ನಾಳೆ ನಡೆದೀತು ಎನ್ನುತ್ತ ಹತ್ತೊಂಬತ್ತು ವರ್ಷ ಕಳೆದಿತ್ತು.

ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅಲ್ಲಿಂದ ಹೊರಡುತ್ತಿದ್ದುದು ಒಂದೇ ಬಗೆಯ ಸಂಗೀತ. ನಿಮಿಷಕ್ಕೆ ನೂರಿಪ್ಪತ್ತು ಸಲ ಧಬ್ ಎನ್ನುವ ಡಾನ್ಸ್ ಸಂಗೀತ. ಪದಗಳು ಕಡಿಮೆ, ಇದ್ದರೂ ಅದೇ ಅದೇ. ನಡುನಡುವೆ ನಿರೂಪಕ ಬಂದು ಹೊತ್ತೆಷ್ಟಾಯಿತು ಎಂದು ಹೇಳಿ ಹೋಗುತ್ತಿದ್ದ. ಅವನ ದನಿ ಅವನಿಗಿಂತ ದೊಡ್ಡದಾಗಿದ್ದರಿಂದ ಎಲ್ಲರೂ ಅವನನ್ನು ಗಂಟಲು ಎನ್ನುತ್ತಿದ್ದರು. ಆಮೇಲೆ ಜಾಹೀರಾತು. ಅದೂ ಹೆಚ್ಚಿನಂಶ ಕೆಳಗಿನ ಹಾಸಿಗೆಗಳದ್ದೇ.

ಜಾಹೀರಾತಿನ ಸಮಯವನ್ನು ಮಾರುವವನಿಗೆ ಹತ್ತು ಸೆಕೆಂಡು ಎಂದು ಹೆಸರು. ಹತ್ತು ಸೆಕೆಂಡಿನ ತುಣುಕುಗಳನ್ನು ಮಾರಿ ಮಾರಿ ಅವನ ಮಾತೂ ಅಷ್ಟರಲ್ಲೇ ಮುಗಿಯುತ್ತಿತ್ತು. ಮದುವೆಯಾಗೋಣವೇ ಎಂದು ಕೇಳಿದ್ದು ಎಂಟು ಸೆಕೆಂಡು, ಉಳಿದೆರಡು ನನ್ನ ಒಪ್ಪಿಗೆಗೆ ಎಂದು ಹೆಂಡತಿ ಈಗಲೂ ನೆಂಟರ ಮುಂದೆ ಹೇಳುತ್ತಾಳೆ. ಐವತ್ತಮೂರು ವಯಸ್ಸಿನ ಆ ಮನುಷ್ಯನಿಗೆ ಬಿಸಿಲಲ್ಲಿ ಓಡಾಡಿ ಬಣ್ಣ ಹೋಗಿತ್ತು, ಅಂಗಡಿಗಳ ಮೆಟ್ಟಿಲು ಹತ್ತಿ ಮಂಡಿ ಹೋಗಿತ್ತು. ಹೋಗದೆ ಉಳಿದದ್ದು ಒಂದು ಹೆದರಿಕೆ.

ಆ ಹೆದರಿಕೆಯನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಬೂಟಿನ ಅಂಗಡಿಯವನಿಗೆ, ತಂಪು ಪಾನೀಯದವನಿಗೆ, ಜಿಮ್ ನಡೆಸುವವನಿಗೆ ‘ಊರಿನ ಹುಡುಗರೆಲ್ಲ ನಮ್ಮದನ್ನೇ ಕೇಳುತ್ತಾರೆ’ ಎಂದು ಎದೆ ತಟ್ಟಿ ಹೇಳುವಾಗ, ಅದೇ ಎದೆಯೊಳಗೆ ಇನ್ನೊಂದು ಸಣ್ಣ ದನಿ ‘ಯಾರೂ ಕೇಳುತ್ತಿಲ್ಲ, ಯಾರೂ ಕೇಳುತ್ತಿಲ್ಲ’ ಎಂದು ತಾಳ ಹಾಕುತ್ತಿತ್ತು. ಹಳೆಯ ಹಾಡಿನ ಕೇಂದ್ರಕ್ಕೆ ಜನ ಪತ್ರ ಬರೆಯುತ್ತಾರೆ. ವಾರ್ತಾ ಕೇಂದ್ರಕ್ಕೆ ಫೋನ್ ಮಾಡಿ ಬೈಯುತ್ತಾರೆ. ಇವರ ಕಚೇರಿಯ ಫೋನು ಮಾತ್ರ ಮೇಜಿನ ಮೇಲೆ ತಪಸ್ಸಿಗೆ ಕೂತಂತೆ ಕೂತಿರುತ್ತಿತ್ತು.

ಅದಕ್ಕೆ ಮುದ್ರೆ ಒತ್ತಿದಂತೆ ಆ ಗುರುವಾರದ ಸಂಗತಿ ನಡೆಯಿತು.

ಬೆಳಿಗ್ಗೆ ಹತ್ತೂಕಾಲು. ಹೊತ್ತು ಹೇಳಿದ ಗಂಟಲು ಮೈಕನ್ನು ಮುಚ್ಚಲು ಮರೆತ. ಹಾಡು ಶುರುವಾಗಲಿಲ್ಲ. ತನ್ನ ಬಾಚಣಿಗೆ ಎಲ್ಲಿ ಎಂದು ಅವನು ತಾಂತ್ರಿಕ ಕೆಲಸದ ಹೆಂಗಸಿನೊಡನೆ ಜಗಳಕ್ಕೆ ಬಿದ್ದ. ತಲೆಯಲ್ಲಿ ಏನಿದೆಯೆಂದು ಬಾಚುತ್ತೀರಿ ಎಂದು ಅವಳು ಕೇಳಿದಳು. ಮಾತಿಗೆ ಮಾತು ಬೆಳೆದು, ಯಜಮಾನರು ಬಹುಮಾನವಾಗಿ ಕೊಟ್ಟ ಹಾಸಿಗೆಯ ಮೇಲೆ ಮಲಗಿ ತನ್ನ ಬೆನ್ನು ಮೂರು ದಿನದಿಂದ ನೆಟ್ಟಗಾಗಿಲ್ಲ ಎಂದು ಗಂಟಲು ಹೇಳುವವರೆಗೂ ಹೋಯಿತು. ಎರಡು ನಿಮಿಷ ಹದಿನೈದು ಸೆಕೆಂಡು. ಆಮೇಲೆ ಮೈಕಿನ ಕೆಂಪು ದೀಪ ಕಂಡು ಇಬ್ಬರೂ ಕಲ್ಲಾದರು. ಗಡಿಬಿಡಿಯಲ್ಲಿ ಹಾಸಿಗೆಯ ಜಾಹೀರಾತೇ ಎರಡು ಸಲ ಒಟ್ಟೊಟ್ಟಿಗೆ ಹೊರಟಿತು.

ಕಚೇರಿಯವರೆಲ್ಲ ಫೋನಿನ ಸುತ್ತ ನಿಂತು ಕಾದರು. ಈಗ ಹೊಡೆದುಕೊಳ್ಳುತ್ತದೆ, ಇನ್ನೇನು ಹೊಡೆದುಕೊಳ್ಳುತ್ತದೆ. ಅದು ಸುಮ್ಮನಿತ್ತು. ಊರಿನ ಲಕ್ಷಾಂತರ ಕಿವಿಗಳಲ್ಲಿ ಒಂದಾದರೂ ಇದೇನು ಎಂದು ಕೇಳಲಿಲ್ಲ. ಯಜಮಾನರಂತೂ ತಮ್ಮ ಕೇಂದ್ರವನ್ನು ತಾವೇ ಕೇಳುವವರಲ್ಲ. ಬದುಕಿದೆ ಎಂದು ಕುಣಿದ ಗಂಟಲು ಮಧ್ಯಾಹ್ನದ ಹೊತ್ತಿಗೆ ಮಂಕಾಗಿ ಕಿಟಕಿಯ ಬಳಿ ಕೂತುಬಿಟ್ಟ. ಹತ್ತು ಸೆಕೆಂಡು ಅವನ ಬೆನ್ನು ತಟ್ಟಿದ.

ಅದೇ ಹೊತ್ತಿಗೆ ಸಮೀಕ್ಷೆ ನಡೆಯುತ್ತಿತ್ತು. ಆರು ತಿಂಗಳಿಗೊಮ್ಮೆ ಒಂದು ಸಂಸ್ಥೆಯವರು ಊರಿನ ಆರುನೂರು ಮನೆಗಳನ್ನು ಚೀಟಿ ಎತ್ತಿ ಆರಿಸಿ, ಮನೆಗೊಂದು ಹಳದಿ ಡೈರಿ ಕೊಡುತ್ತಿದ್ದರು. ಎರಡು ವಾರ ಯಾವ ಕಾಲು ಗಂಟೆಯಲ್ಲಿ ಯಾವ ಕೇಂದ್ರ ಕೇಳಿದಿರೋ ಅದರ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆಯಬೇಕು. ಆರುನೂರು ಡೈರಿಗಳು ಇಡೀ ಊರಿನ ಪರವಾಗಿ ಸಾಕ್ಷಿ ಹೇಳುತ್ತವೆ. ಶೇಕಡಾ ಇಷ್ಟು ಎಂದು ಒಂದು ಅಂಕಿ ಬರುತ್ತದೆ. ಅದು ಮೂರಕ್ಕಿಂತ ಕೆಳಗಿದ್ದರೆ ದೊಡ್ಡ ಜಾಹೀರಾತು ಸಂಸ್ಥೆಗಳ ಕಂಪ್ಯೂಟರಿನಲ್ಲಿ ಆ ಕೇಂದ್ರದ ಹೆಸರೇ ಕಾಣುವುದಿಲ್ಲ.

ಕಳೆದ ಸಲ ಇವರಿಗೆ ಬಂದದ್ದು ಎರಡು ದಶಾಂಶ ಆರು.

ಯಜಮಾನರು ಈ ಸಲ ಹತ್ತು ಸೆಕೆಂಡನ್ನು ಕೆಳಗೆ ಕರೆಸಿ, ಪ್ಲಾಸ್ಟಿಕ್ ಬಿಚ್ಚದ ಜೋಡಿ ಹಾಸಿಗೆಯ ತುದಿಯಲ್ಲಿ ಕೂರಿಸಿಕೊಂಡು ಮಾತಾಡಿದ್ದರು. ಅವರು ಕೋಪಿಷ್ಠರಲ್ಲ. ಕೋಪಿಷ್ಠರಾಗಿದ್ದರೆ ವಾಸಿಯಿತ್ತು.

“ಮೂರು ಬಂದ್ರೆ ಕುಣೀಲಿ ಬಿಡಪ್ಪ,” ಎಂದಿದ್ದರು. “ಬರಲಿಲ್ಲ ಅಂದ್ರೆ ಕೊಳಲು ಹಾಕಿಬಿಡೋಣ. ಇಪ್ಪತ್ನಾಲ್ಕು ಗಂಟೆ ಕೊಳಲು, ಮಧ್ಯೆ ನಿದ್ದೆ ಬಗ್ಗೆ ಡಾಕ್ಟ್ರ ಮಾತು. ಅದಕ್ಕೆ ಮೇಲೆ ಇಷ್ಟೊಂದು ಜನ ಬೇಕಾಗಲ್ಲ, ಅಲ್ವಾ?”

ಬೇಕಾಗುವುದಿಲ್ಲ ಎಂದು ಹತ್ತು ಸೆಕೆಂಡು ಒಪ್ಪಿಕೊಂಡ. ಬೇಡವಾಗುವವರ ಪಟ್ಟಿಯ ತಲೆಯಲ್ಲಿ ಇರುವವನು ತಾನೇ ಎಂದು ಮೆಟ್ಟಿಲು ಹತ್ತುವಾಗ ಗೊತ್ತಾಯಿತು. ಎರಡನೆಯ ಮಹಡಿಯಲ್ಲಿ ಗೋಡೆ ಹಿಡಿದು ನಿಂತ.

ಸಮೀಕ್ಷೆಯ ಎರಡನೆಯ ಬುಧವಾರ, ಪ್ಯಾಂಟಿನ ಸೊಂಟ ಬಿಗಿ ಮಾಡಿಸಲೆಂದು ಅವನು ಅಕ್ಕನ ಮನೆಗೆ ಹೋದ. ಹೆದರಿಕೆಯಿಂದ ಸೊಂಟ ಎರಡು ಅಂಗುಲ ಇಳಿದಿತ್ತು.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಭಾವ ಬಸ್ ಓಡಿಸುತ್ತಾರೆ, ಬೆಳಗಾಗುವ ಮೊದಲೇ ಹೊರಟರೆ ಮನೆಗೆ ಬರುವುದು ಸಂಜೆಗೆ. ಮನೆಯ ಮುಂದಿನ ಕೋಣೆಯೇ ಅಕ್ಕನ ಹೊಲಿಗೆಯ ಕೋಣೆ: ಕಿಟಕಿಗೆ ಮುಖ ಮಾಡಿದ ಕಾಲಲ್ಲಿ ತುಳಿಯುವ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆ ತುಂಬ ನೇತಾಡುವ ಶಾಲೆಯ ಸಮವಸ್ತ್ರಗಳು, ಮೂಲೆಯಲ್ಲಿ ಬಟ್ಟೆ ಹಾಕಿ ನೋಡುವವರಿಗಾಗಿ ಹೂವಿನ ಪರದೆ, ಅದರ ಹಿಂದೆ ಒಂದು ಕನ್ನಡಿ. ದಾರದ ಉಂಡೆಗಳ ಪಕ್ಕ ಹಲಗೆಯ ಮೇಲೆ ಒಂದು ರೇಡಿಯೋ. ಅದು ಹಾಡಿದ್ದನ್ನು ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಕತ್ತರಿಯ ಕೆಳಗೆ ಹಳದಿ ಡೈರಿ ಇತ್ತು.

ತೆರೆದು ನೋಡಿದ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ದಿನವೂ, ಒಂದು ಕಾಲು ಗಂಟೆಯನ್ನೂ ಬಿಡದೆ, ತನ್ನ ಕೇಂದ್ರದ ಸಾಲಿನಲ್ಲೇ ಗೀಟುಗಳು. ಒಂದೊಂದೂ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಂತೆ ಒತ್ತಿ, ನೆಟ್ಟಗೆ.

“ಅಕ್ಕ, ಇದೇನಿದು?”

ಅಕ್ಕನ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನುಗಳಿದ್ದವು. ಅವಿದ್ದಾಗ ಅವಳ ಮಾತು ತಮ್ಮನ ಮಾತಿಗಿಂತ ಚಿಕ್ಕದು. “ಕೊಟ್ರು. ಬರೀತಿದೀನಿ.”

“ನಮ್ಮೋರು ಯಾರಾದ್ರೂ ರೇಡಿಯೋದಲ್ಲಿ ಇದಾರಾ ಅಂತ ಅವರು ಕೇಳ್ಲಿಲ್ವಾ?”

“ಏನೋ ಕೇಳಿದ್ರು. ಇಲ್ಲ ಅಂದೆ.”

“ನೀನು ನಿಜವಾಗ್ಲೂ ಇದನ್ನ ಕೇಳ್ತೀಯಾ?”

“ಕೇಳದೆ ಬರೀತೀನಾ? ನೆಟ್ಟಗೆ ನಿಂತ್ಕೋ, ಸೊಂಟ ಅಳೀಬೇಕು.”

ಅವನು ನಿಂತ. ಅಳತೆಯ ಟೇಪು ಸೊಂಟ ಸುತ್ತಿದಾಗ ನೇಣಿನಂತೆ ಅನಿಸಿತು. ಅಕ್ಕ ಸುಳ್ಳು ಬರೆದಿದ್ದಾಳೆ. ತಮ್ಮನ ಅನ್ನ ಉಳಿಯಲಿ ಎಂದು ಬರೆದಿದ್ದಾಳೆ. ಚಿಕ್ಕಂದಿನಲ್ಲಿ ಅವನು ಒಡೆದ ಸ್ಲೇಟನ್ನು ತಾನೇ ಒಡೆದೆ ಎಂದು ಏಟು ತಿಂದವಳು ಇವಳು. ಅರವತ್ತೆರಡು ವಯಸ್ಸಿನ ಹೆಂಗಸು ಒಂಬತ್ತು ಗಂಟೆ ಕಾಲ ಧಬ್ ಧಬ್ ಕೇಳುತ್ತಾಳೆಂದರೆ ಯಾವ ದಡ್ಡ ನಂಬುತ್ತಾನೆ? ಅವನಂತೂ ನಂಬಲಿಲ್ಲ. ಅದನ್ನು ನಂಬಿಸುವುದೇ ತನ್ನ ಹತ್ತೊಂಬತ್ತು ವರ್ಷದ ಕೆಲಸ ಎಂಬುದು ಆಗ ಅವನಿಗೆ ನೆನಪಾಗಲಿಲ್ಲ.

ಮೂರು ದಿನ ಅವನು ಉಂಡದ್ದು ಮೈಗೆ ಹತ್ತಲಿಲ್ಲ. ಬೇರೆ ಊರಿನಲ್ಲಿ ರೇಡಿಯೋ ಕೇಂದ್ರವೊಂದರ ವ್ಯವಸ್ಥಾಪಕನ ಭಾವಮೈದುನನ ಡೈರಿ ಸಿಕ್ಕಿಬಿದ್ದು, ಆ ಕೇಂದ್ರವನ್ನು ಒಂದು ವರ್ಷ ಸಮೀಕ್ಷೆಯಿಂದಲೇ ಹೊರಗಟ್ಟಿದ ಕತೆಯನ್ನು ಸಮೀಕ್ಷೆ ಸಂಸ್ಥೆಯವರ ಸಭೆಯಲ್ಲಿ ಕೇಳಿದ್ದ. ಕತೆಯ ಅರ್ಧ ಮಾತ್ರ ನೆನಪಿತ್ತು. ಹೆದರಿದವನಿಗೆ ಹೆದರಿಸುವ ಅರ್ಧವೇ ನೆನಪಿರುವುದು. ಮೇಲಾಗಿ ತುಂಬಿ ತುಳುಕುವ ಡೈರಿ ಕಂಡರೆ ಸಂಸ್ಥೆಯವರು ತನಿಖೆಗೆ ಮನೆಗೇ ಬರುತ್ತಾರೆ. ಅದೂ ಸಭೆಯಲ್ಲಿ ಹೇಳಿದ್ದೇ. ಬಂದರೆ ಅಕ್ಕ ಸುಳ್ಳುಗಾತಿ, ತಾನು ಕಳ್ಳ, ಮೇಲೆ ಕೊಳಲು. ಸಮವಸ್ತ್ರ ಹೊಲಿಯಲು ಕೊಡುವ ಶಾಲೆಯವರೂ ನಾಳೆ ಅಕ್ಕನನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಕಚೇರಿಯ ಗೋಡೆಯಾಚೆಯಿಂದ ಬರುವ ಧಬ್ ಧಬ್ ಯಾವುದು, ತನ್ನ ಎದೆಯೊಳಗಿನ ಅವಲಕ್ಕಿ ಕುಟ್ಟಾಣಿ ಯಾವುದು ಎಂದು ತಿಳಿಯದಾಯಿತು. ಎರಡೂ ನೂರಿಪ್ಪತ್ತೇ ಇದ್ದವು.

ಹೆಂಡತಿ, ಹುಷಾರಿಲ್ಲವಾ ಎಂದು ಕೇಳಿದಳು. ಏನಿಲ್ಲ ಎಂದ. ಎರಡು ಸೆಕೆಂಡು.

ಶನಿವಾರ ಡೈರಿಯ ಕಡೆಯ ದಿನ. ಅಂದು ಮಧ್ಯಾಹ್ನ ಅಕ್ಕ ಸಮವಸ್ತ್ರದ ಗಂಟನ್ನು ಶಾಲೆಗೆ ಕೊಟ್ಟು ಬರಲು ಹೋಗುವುದು ಅವನಿಗೆ ಗೊತ್ತಿತ್ತು. ಪ್ಯಾಂಟು ತೆಗೆದುಕೊಳ್ಳಲು ಬಂದವನಂತೆ ಬಂದ, ನೀನು ಹೋಗಿ ಬಾ ಅಕ್ಕ, ನಾನು ಮನೆ ನೋಡಿಕೊಳ್ಳುತ್ತೇನೆ ಎಂದ. ಅಕ್ಕ ಬಾಗಿಲು ದಾಟಿದ್ದೇ ಜೇಬಿನಿಂದ ಹೊಸ ರಬ್ಬರನ್ನು ತೆಗೆದ.

ಡೈರಿಯನ್ನು ಅಕ್ಕ ಲಕೋಟೆಗೆ ಹಾಕಿ ಇಟ್ಟಿದ್ದಳು, ಇನ್ನೂ ಅಂಟಿಸಿರಲಿಲ್ಲ. ಅವನು ಕಿಟಕಿಗೆ ಬೆನ್ನು ಹಾಕಿ ಕೂತು ಅಳಿಸಿದ. ಗೀಟುಗಳು ಸುಲಭಕ್ಕೆ ಹೋಗಲಿಲ್ಲ, ಅಕ್ಕನ ಕೈ ಭಾರ. ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ಕೈ ನಿಲ್ಲುತ್ತಿತ್ತು. ಅಳಿಸಿದ ಜಾಗದಲ್ಲಿ ನಂಬಲರ್ಹವಾದ ಒಬ್ಬ ಹೆಂಗಸನ್ನು ಅವನು ಕಟ್ಟಿ ನಿಲ್ಲಿಸಿದ. ಈ ಕೆಲಸ ಅವನಿಗೆ ಚೆನ್ನಾಗಿ ಬರುತ್ತಿತ್ತು. ಬೆಳಿಗ್ಗೆ ವಾರ್ತೆ ಕೇಳುವವಳು, ಮಧ್ಯಾಹ್ನ ಹಳೆಯ ಹಾಡು, ಮೂರರಿಂದ ನಾಲ್ಕೂವರೆಯವರೆಗೆ ಮಾತ್ರ ಅದೇನೋ ಚಪಲಕ್ಕೆ ಡಾನ್ಸ್ ಸಂಗೀತ. ಹತ್ತೊಂಬತ್ತು ವರ್ಷ ತನ್ನ ಕೇಂದ್ರಕ್ಕೆ ಕೇಳುಗರನ್ನು ಹುಡುಕಿದವನು ಅಂದು ಒಂದೇ ಗಂಟೆಯಲ್ಲಿ, ಬೆವರುತ್ತ, ಕೇಳುವವಳೊಬ್ಬಳ ದಿನದ ಏಳೂವರೆ ಗಂಟೆಯನ್ನು ಪಕ್ಕದ ಕೇಂದ್ರಗಳಿಗೆ ಹಂಚಿಬಿಟ್ಟ. ರಬ್ಬರಿನ ಪುಡಿಯನ್ನು ಅಂಗೈಗೆ ಒರೆಸಿಕೊಂಡು ಕಿಟಕಿಯಾಚೆ ಊದಿದ. ಲಕೋಟೆಗೆ ಅಂಟು ಹಚ್ಚಿ, ಅಕ್ಕ ಬಂದಾಗ, ನಿನ್ನ ಕೆಲಸ ಒಂದು ಮುಗಿಸಿದ್ದೇನೆ ನೋಡು ಎಂದ. ಅಕ್ಕ ತಮ್ಮನ ಕೆನ್ನೆ ತಟ್ಟಿದಳು.

ಒಂದು ವಾರ ಕಳೆದು ಸೋಮವಾರ ಅಕ್ಕ ಫೋನ್ ಮಾಡಿದಳು. ಡೈರಿಯ ವಿಷಯ ಮಾತಾಡಲು ಸಂಸ್ಥೆಯಿಂದ ಒಬ್ಬರು ನಾಳೆ ಹನ್ನೊಂದಕ್ಕೆ ಬರುತ್ತಾರಂತೆ ಎಂದಳು, ಯಾರೋ ನೆಂಟರು ಊಟಕ್ಕೆ ಬರುವ ಸಂಭ್ರಮದಲ್ಲಿ.

ಮಂಗಳವಾರ ಹತ್ತೂವರೆಗೆ ಅವನು ಅಲ್ಲಿದ್ದ. ಎಲ್ಲವನ್ನೂ ಹೇಳಿಬಿಡಬೇಕು, ಏನು ಕೇಳಿದರೆ ಏನು ಹೇಳಬೇಕೆಂದು ಅಕ್ಕನಿಗೆ ಬಾಯಿಪಾಠ ಮಾಡಿಸಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಎದುರು ನಿಂತಾಗ ಬಂದದ್ದು “ಅಕ್ಕ, ಒಂದು ವಿಷ್ಯ” ಎಂಬಷ್ಟೇ. ಆಗಲೇ, ಹನ್ನೊಂದಕ್ಕೆ ಮೊದಲೇ, ಯಾರೋ ಬಾಗಿಲು ಬಡಿದರು. ಕಿಟಕಿಯಲ್ಲಿ ನೋಡಿದ. ದಾರ ಕಟ್ಟಿದ ಕನ್ನಡಕ, ಕಂಕುಳಲ್ಲಿ ಕಡತ. ತನಿಖೆಯ ಮೇಡಂ. ಸಭೆಗಳಲ್ಲಿ ಅವರ ಎದುರಿನ ಸಾಲಿನಲ್ಲೇ ಕೂತವನು ಅವನು. ಮುಖ ನೋಡಿದರೆ ಸಾಕು, ಮುಗಿಯಿತು.

ಐವತ್ತಮೂರು ವರ್ಷದ ಮನುಷ್ಯ ಹೂವಿನ ಪರದೆಯ ಹಿಂದೆ ಹೋಗಿ ನಿಂತ. ಅಕ್ಕ ಒಂದು ಕ್ಷಣ ಪರದೆಯನ್ನೇ ನೋಡಿದಳು. ಆಮೇಲೆ ಬಾಗಿಲು ತೆಗೆದಳು.

ಒಳಗೆ ಜಾಗ ಒಬ್ಬರಿಗೇ ಸಾಲದು. ಗುಂಡುಪಿನ್ನು ಚುಚ್ಚಿದ ಅರೆಹೊಲಿಗೆಯ ಕೋಟೊಂದು ಬೆನ್ನಿಗೆ ತಾಗುತ್ತಿತ್ತು, ಉಸಿರೆಳೆದಾಗೊಮ್ಮೆ ಚುಚ್ಚುತ್ತಿತ್ತು. ಒಂದು ಗೇಣು ದೂರದ ಕನ್ನಡಿಯಲ್ಲಿ ಬೆವರಿದ ಮುಖವೊಂದು ಅವನನ್ನೇ ನೋಡುತ್ತಿತ್ತು, ಸಹಾಯ ಕೇಳುವಂತೆ. ಪರದೆ ಮೊಣಕಾಲಿನವರೆಗೆ ಮಾತ್ರ ಇದೆ ಎಂಬುದು ಆಮೇಲೆ ಹೊಳೆಯಿತು. ಬೂಟುಗಳನ್ನು ಏನು ಮಾಡಬೇಕೆಂದು ಹೊಳೆಯಲಿಲ್ಲ.

ಮೇಡಂ ನೀರು ಬೇಡವೆಂದರು, ಕುರ್ಚಿ ಸಾಕೆಂದರು. ನಾನು ಬರೆದದ್ದನ್ನೆಲ್ಲ ನಿಮಗೆ ಓದಿ ಹೇಳಬೇಕೆಂದು ನಿಯಮವಿದೆ, ಬೇಸರಿಸಬೇಡಿ ಎಂದರು. ಡೈರಿಯ ಹಾಳೆ ಮಗುಚುವ ಸದ್ದು.

“ಮೊದಲನೇ ಗುರುವಾರ ಹತ್ತರಿಂದ ಹನ್ನೆರಡು, ವಾರ್ತಾ ಕೇಂದ್ರ ಅಂತ ಇದೆ ಅಮ್ಮ. ಆವತ್ತು ಏನು ಕೇಳಿದ್ರಿ, ನೆನಪಿದೆಯಾ?”

“ಇದು ಯಾರ ಪುಸ್ತಕ?” ಎಂದಳು ಅಕ್ಕ.

“ನಿಮ್ಮದೇ.”

“ನಂದಲ್ಲ. ನಾನು ವಾರ್ತೆ ಕೇಳೋಳೇ ಅಲ್ಲ. ಕೇಳಿದ್ರೆ ಹೊಲಿಗೆ ಸೊಟ್ಟಗಾಗುತ್ತೆ.”

“ಮತ್ತೆ ಏನು ಕೇಳಿದ್ರಿ?”

“ಡಾನ್ಸಿಂದು. ಇನ್ನೇನು?” ಅಕ್ಕನ ದನಿ ಚುರುಕಾಯಿತು. ತುಟಿಯಲ್ಲಿ ಪಿನ್ನುಗಳಿರಲಿಲ್ಲ. “ಗುರುವಾರ ತಾನೇ? ಆವತ್ತು ಆ ದೊಡ್ಡ ದನಿಯವನು ಬಾಚಣಿಗೆ ಕಳಕೊಂಡಿದ್ದ. ತಲೇಲಿ ಏನಿದೆ ಅಂತ ಬಾಚ್ತೀರಿ ಅಂದ್ಳು ಅವಳು. ಯಾರೋ ಕೊಟ್ಟ ಹಾಸಿಗೇಲಿ ಮಲಗಿ ಬೆನ್ನು ಹಿಡ್ಕೊಂಡಿತ್ತಂತೆ ಪಾಪ. ಅದಾದ್ಮೇಲೆ ಅದೇ ಹಾಸಿಗೆ ಜಾಹೀರಾತು, ಎರಡು ಸಲ. ನಾನು ನಕ್ಕು ನಕ್ಕು ಕಾಲರು ತಿರುಗುಮುರುಗು ಹೊಲಿದೆ, ಬಿಚ್ಚಬೇಕಾಯ್ತು.”

ಪರದೆಯ ಹಿಂದೆ ಹತ್ತು ಸೆಕೆಂಡು ಕನ್ನಡಿಯ ಅಂಚನ್ನು ಹಿಡಿದುಕೊಂಡ.

“ಕೇಂದ್ರಕ್ಕೆ ಫೋನ್ ಮಾಡಿ ಹೇಳ್ಲಿಲ್ವಾ?”

“ಯಾಕೆ ಹೇಳ್ಬೇಕು? ಚೆನ್ನಾಗಿತ್ತು. ಅಲ್ದೆ ನನ್ನ ಎರಡು ಕೈ ಬಟ್ಟೆ ಮೇಲೆ, ಎರಡು ಕಾಲು ಪೆಡಲ್ ಮೇಲೆ. ಫೋನನ್ನ ಮೂಗಲ್ಲಿ ಒತ್ಲಾ?” ಅಕ್ಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡ ಸದ್ದಾಯಿತು. “ಪೆಡಲಿಗೆ ಆ ತಾಳ ಹೇಳಿ ಮಾಡಿಸಿದ ಹಾಗಿದೆ ಮೇಡಂ. ಬೇರೆ ಹಾಡಿಗೆ ಕಾಲು ನಿಲ್ಲುತ್ತೆ, ದಾರ ಕಿತ್ತು ಹೋಗುತ್ತೆ. ಇದಕ್ಕೆ ದಿನಕ್ಕೆ ಎರಡು ಅಂಗಿ ಜಾಸ್ತಿ ಏಳುತ್ತೆ. ನನ್ನ ತಮ್ಮ ಬಂದಾಗ ಮಾತ್ರ ಆಫ್ ಮಾಡ್ತೀನಿ. ಪಾಪ, ಇಡೀ ದಿನ ಅದರಲ್ಲೇ ಬೇಯ್ತಾನೆ, ಇಲ್ಲಾದ್ರೂ ಕಿವಿಗೆ ವಿಶ್ರಾಂತಿ ಸಿಗ್ಲಿ ಅಂತ.”

ಮೇಡಂ ಎದ್ದು ಕಿಟಕಿಯ ಬಳಿ ಹೋದರು. ಹಾಳೆಯನ್ನು ಬೆಳಕಿಗೆ ಹಿಡಿದಿರಬೇಕು.

“ಇಲ್ಲಿ ಮೊದಲು ಬೇರೆ ಗೀಟು ಇದ್ದವು ಅಮ್ಮ. ಒತ್ತಿ ಬರೆದದ್ದು, ಹಳ್ಳ ಬಿದ್ದಿದೆ. ಯಾರು ಅಳಿಸಿದ್ದು?”

ಈಗ ಕೋಣೆಯಲ್ಲಿ ಸದ್ದಿರಲಿಲ್ಲ. ಅಕ್ಕನಿಗೆ ಅರ್ಥವಾಗಿದೆ ಎಂದು ಆ ಮೌನದಿಂದಲೇ ಅವನಿಗೆ ಗೊತ್ತಾಯಿತು. ಶನಿವಾರದ ಮನೆ ಕಾವಲು, ಅಂಟಿಸಿದ ಲಕೋಟೆ, ತಟ್ಟಿದ ಕೆನ್ನೆ, ಎಲ್ಲವನ್ನೂ ಅವಳು ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಿದ್ದಾಳೆ.

“ಗೊತ್ತಿಲ್ಲ,” ಎಂದಳು ಅಕ್ಕ.

“ಗೊತ್ತಿಲ್ಲ ಅಂದ್ರೆ ನಾನು ಹೀಗೆ ಬರೀಬೇಕಾಗುತ್ತೆ.” ಪೆನ್ನಿನ ಮುಚ್ಚಳ ತೆಗೆದ ಟಕ್. ಮೇಡಂ ಬರೆಯುತ್ತ ನಿಧಾನವಾಗಿ ಓದಿದರು. “ಡೈರಿ ಬರೆದ ಗೃಹಿಣಿ... ನಂಬಲು... ಅರ್ಹರಲ್ಲ...”

“ಬರ್ಕೊಳ್ಳಿ,” ಎಂದಳು ಅಕ್ಕ. ಒಡೆದ ಸ್ಲೇಟಿನ ಮುಂದೆ ನಿಂತಾಗಿನ ಅದೇ ದನಿ.

ಪರದೆ ಸರಿಯಿತು. ಯಾವ ಧೈರ್ಯದಿಂದ ಹೊರಗೆ ಬಂದೆ ಎಂದು ಅವನಿಗೆ ಆಮೇಲೂ ತಿಳಿಯಲಿಲ್ಲ. ಧೈರ್ಯವಿರಲಿಲ್ಲ ಎಂಬುದಂತೂ ನಿಜ. ಬೆನ್ನಿಗೆ ಅರೆಹೊಲಿಗೆಯ ಕೋಟು ಪಿನ್ನಿನ ಸಮೇತ ಅಂಟಿಕೊಂಡು ಬಂದಿತ್ತು.

“ನಾನೇ ಅಳಿಸಿದ್ದು. ಅಕ್ಕ ಬರೆದದ್ದು ನಿಜ. ಅವಳ ಹೆಸರು ಹಾಳು ಮಾಡ್ಬೇಡಿ.” ಆರು ಸೆಕೆಂಡು.

ಮೇಡಂ ಕನ್ನಡಕ ಏರಿಸಿದರು. “ಬೂಟು ಆಗ್ಲೇ ನೋಡಿದ್ದೆ. ಯಾರದು ಅಂತ ಗೊತ್ತಾಗಿರ್ಲಿಲ್ಲ.” ಆಮೇಲೆ, “ನಿಮ್ಮ ಕೇಂದ್ರದ ಗೀಟನ್ನ ನೀವೇ ಅಳಿಸಿದ್ರಾ?”

ಅವನು ಹೇಳಿಕೊಂಡ. ನೆಂಟರ ಡೈರಿ, ನಿಷೇಧ, ಆ ಬೇರೆ ಊರಿನ ಭಾವಮೈದುನ. ಮೇಡಂ ಪೂರ್ತಿ ಕೇಳಿಸಿಕೊಂಡು, ನೀವು ಈ ಮನೆಯಲ್ಲಿ ವಾಸವಿದ್ದೀರಾ ಎಂದು ಕೇಳಿದರು. ಇಲ್ಲವೆಂದ. ಆ ಭಾವಮೈದುನ ವ್ಯವಸ್ಥಾಪಕನ ಮನೆಯಲ್ಲೇ ಇದ್ದ, ನಿಯಮ ಇರುವುದು ಒಂದೇ ಸೂರಿನಡಿ ಇರುವವರಿಗೆ ಎಂದರು. ಈ ಮನೆಯಲ್ಲಿ ಇರುವವರು ಯಾರಾದರೂ ರೇಡಿಯೋದಲ್ಲಿದ್ದಾರೆಯೇ ಎಂಬುದು ಪ್ರಶ್ನೆ. ನಿಮ್ಮ ಅಕ್ಕ ಇಲ್ಲವೆಂದದ್ದು ಸರಿಯಾಗಿಯೇ ಇದೆ.

“ನೀವು ಸುಮ್ನೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ,” ಎಂದರು. ಬೈಗುಳವಲ್ಲ, ಬರೀ ಮಾಹಿತಿ. ಅವನಿಗೆ ಅದು ಬೈಗುಳಕ್ಕಿಂತ ಆಳದಲ್ಲಿ ನಾಟಿತು.

ಇಪ್ಪತ್ತು ವರ್ಷದಲ್ಲಿ ತಮ್ಮ ಕೇಂದ್ರಕ್ಕೆ ಗೀಟು ಸೇರಿಸಿಕೊಂಡ ಹನ್ನೊಂದು ಜನರನ್ನು ಮೇಡಂ ಹಿಡಿದಿದ್ದರಂತೆ. ತೆಗೆದವನನ್ನು ಕಂಡದ್ದು ಇದೇ ಮೊದಲು. ತನಿಖೆಯ ನಮೂನೆಯಲ್ಲಿ ‘ಕೇಂದ್ರದವರು ತಮ್ಮ ಲಾಭಕ್ಕೆ ತಿದ್ದಿದ್ದಾರೆಯೇ’ ಎಂಬ ಪ್ರಶ್ನೆ ಇತ್ತು. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಇಲ್ಲ’ ಎಂದು ಗಟ್ಟಿಯಾಗಿ ಓದುತ್ತ ಬರೆದರು. ಹಾಗಾಗಿ ನಿಷೇಧವಿಲ್ಲ. ಮೊದಲು ಬರೆದ ಸಾಲನ್ನು ಹೊಡೆದು ಹಾಕಿ, ‘ಗೃಹಿಣಿ ನಂಬಲು ಅರ್ಹರು’ ಎಂದರು. ಕೊನೆಗೆ, ‘ಡೈರಿ ಕೆಟ್ಟಿರುವುದರಿಂದ ಎಣಿಕೆಗೆ ಬಾರದು.’

ಅವರು ಹೋದ ಮೇಲೆ ಅಕ್ಕ ತಮ್ಮನ ಬೆನ್ನಿನಿಂದ ಒಂದೊಂದೇ ಪಿನ್ನು ಕಿತ್ತು ಕೋಟನ್ನು ಬಿಡಿಸಿಕೊಂಡಳು. ಕೊನೆಗೆ, “ಕೇಳ್ತೀನಿ ಅಂತ ಹೇಳಿದ್ನಲ್ಲೋ,” ಎಂದಳು. “ನನ್ನ ಮಾತು ಬೇಡ. ನಿನ್ನ ಸಾಮಾನಿನ ಮೇಲಾದ್ರೂ ನಿನಗೆ ನಂಬಿಕೆ ಬೇಡ್ವಾ?”

ಫಲಿತಾಂಶ ಎರಡು ವಾರಕ್ಕೆ ಬಂತು. ಎರಡು ದಶಾಂಶ ಎಂಟು. ಅಕ್ಕನ ವಯಸ್ಸಿನವರ ಡೈರಿ ಊರಲ್ಲಿ ಕಡಿಮೆ, ಹಾಗಾಗಿ ಒಂದೊಂದಕ್ಕೂ ತೂಕ ಹೆಚ್ಚು. ಹತ್ತು ಸೆಕೆಂಡು ಅಕ್ಕನ ಡೈರಿಯನ್ನೂ ಸೇರಿಸಿ ಹಾಳೆಯೊಂದರ ಹಿಂದೆ ಲೆಕ್ಕ ಹಾಕಿ ನೋಡಿದ. ಮೂರು ದಶಾಂಶ ಎರಡು ಬಂತು. ಹಾಳೆಯನ್ನು ಸಣ್ಣಗೆ ಹರಿದು, ಚೂರುಗಳನ್ನು ಎರಡು ಬೇರೆ ಬೇರೆ ಬುಟ್ಟಿಗೆ ಹಾಕಿದ.

ಯಜಮಾನರು ಎಂದಿನಂತೆ ಸಮಾಧಾನವಾಗಿದ್ದರು. ಸೋಮವಾರ ಹತ್ತು ಗಂಟೆಗೆ ಕೊಳಲು ಶುರುವಾಗಲಿ ಎಂದರು. ತಿಂಗಳ ಕೊನೆಗೆ ಯಾರು ಯಾರು ಹೋಗಬೇಕೆಂಬ ಪಟ್ಟಿ ಆಮೇಲೆ ಮಾಡೋಣ, ಅವಸರವಿಲ್ಲ ಎಂದೂ ಹೇಳಿದರು.

ಸೋಮವಾರ ಅವರೇ ಮೇಲೆ ಬಂದು ಪ್ರಸಾರದ ಗಾಜಿನ ಕೋಣೆಯಲ್ಲಿ ಕೂತರು. ಹತ್ತಕ್ಕೆ ಸರಿಯಾಗಿ ತಾಂತ್ರಿಕ ಕೆಲಸದ ಹೆಂಗಸು ಗುಂಡಿ ಒತ್ತಿದಳು. ಧಬ್ ಧಬ್ ನಿಂತಿತು. ಕೊಳಲು ಬಂತು, ಗಾಯಕ್ಕೆ ಹತ್ತಿ ಒತ್ತಿದಂತೆ. ಗಂಟಲು ಪಿಸುಮಾತಿನಲ್ಲಿ ಹೊತ್ತೆಷ್ಟೆಂದು ಹೇಳಿದ. ಅಷ್ಟು ವರ್ಷ ಆ ಗೋಡೆಗಳು ಅದುರುತ್ತಿದ್ದವೆಂಬುದು ಅವು ಸುಮ್ಮನಾದಾಗ ಎಲ್ಲರಿಗೂ ಗೊತ್ತಾಯಿತು. ಹತ್ತು ಸೆಕೆಂಡು ಮೇಜಿನ ಖಾನೆ ಖಾಲಿ ಮಾಡುತ್ತಿದ್ದ. ರಬ್ಬರು ಸಿಕ್ಕಿತು. ಅದನ್ನು ಮುಟ್ಟಲು ಹೆದರಿಕೆಯಾಯಿತು.

ಹತ್ತು ಗಂಟೆ ಎರಡು ನಿಮಿಷಕ್ಕೆ ಫೋನು ಹೊಡೆದುಕೊಂಡಿತು.

ಯಾರೂ ಏಳಲಿಲ್ಲ. ಅದರ ಸದ್ದು ಹೀಗಿರುತ್ತದೆಂದೇ ಅವರಿಗೆ ಮರೆತುಹೋಗಿತ್ತು. ಅಕ್ಕನಿರಬೇಕು ಎಂದುಕೊಂಡು ಅವನು ಎತ್ತಿದ. ಅಕ್ಕನಲ್ಲ. ಬೇಕರಿಯೊಂದರಲ್ಲಿ ಹಿಟ್ಟು ನಾದುವವನಂತೆ. ಹಾಡಿಗೆ ಏನಾಯಿತು, ಏಳು ಜನ ಕೈ ನಿಲ್ಲಿಸಿ ನಿಂತಿದ್ದೇವೆ, ಈ ಪೀಪಿಗೆ ಹಿಟ್ಟು ನಾದಿದರೆ ನಾವೇ ನಿದ್ದೆ ಹೋಗುತ್ತೇವೆ ಎಂದ. ಇಟ್ಟ ಕೂಡಲೇ ಮತ್ತೆ ಬಂತು. ಕಾರು ತೊಳೆಯುವ ಜಾಗದಿಂದ ಒಬ್ಬಳು. ಆಮೇಲೆ ಇಸ್ತ್ರಿ ಅಂಗಡಿ. ಆಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ. ಮುದ್ರಣಾಲಯದಲ್ಲಿ ಹಾಳೆಗಳನ್ನು ಮಡಿಸಿ ಡಬ್ಬಕ್ಕೆ ತುಂಬುವ ಹೆಂಗಸರಂತೂ ಫೋನನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಬೈದರು. ಬೂಟಿನ ಗಿರಾಕಿ ಒಬ್ಬನೂ ಇಲ್ಲ, ಹುಡುಗನೊಬ್ಬನೂ ಇಲ್ಲ. ಎಲ್ಲರೂ ಎರಡು ಕೈಗೂ ಕೆಲಸವಿದ್ದವರು. ಕೆಲಸ ನಿಂತದ್ದಕ್ಕೇ ಅವರ ಕೈ ಫೋನಿಗೆ ಬಂದಿತ್ತು. ಕಣ್ಣೆದುರಿಗೆ ಹತ್ತೊಂಬತ್ತು ವರ್ಷದ ತಪ್ಪು ಅಂಗಡಿಗಳ ಮೆಟ್ಟಿಲುಗಳು ಸಾಲಾಗಿ ಹಾದುಹೋದವು. ದಾರ ಮಾರುವವನ ಬಾಗಿಲನ್ನು, ಸೋಪು ಮಾರುವವನ ಬಾಗಿಲನ್ನು ಅವನು ಒಮ್ಮೆಯೂ ತಟ್ಟಿರಲಿಲ್ಲ.

ಅವನು ಒಂದೊಂದು ಕರೆಗೂ ಒಂದೊಂದು ಗೀಟು ಎಳೆದ. ಅಕ್ಕನ ಹಾಗೆ, ಒತ್ತಿ. ನಲವತ್ತಾದವು.

ಗಾಜಿನ ಬಾಗಿಲು ತೆರೆಯಿತು. ಯಜಮಾನರು ಹೊರಗೆ ಬಂದು ನಿಂತರು. ಅವರ ಮುಖದಿಂದ ಏನೂ ತಿಳಿಯುತ್ತಿರಲಿಲ್ಲ. ಯಾವಾಗಲೂ ತಿಳಿಯುತ್ತಿರಲಿಲ್ಲ.

“ಯಾರಪ್ಪಾ ಅದು ಆಗಿಂದ?”

ಇದಕ್ಕೆ ಉತ್ತರವಾಗುವ ಪದವನ್ನು ಹತ್ತು ಸೆಕೆಂಡು ಸಾವಿರ ಸಲ ಮಾರಿದ್ದ. ನಿಜವೆಂದು ಗೊತ್ತಿದ್ದು ಹೇಳುವುದು ಇದೇ ಮೊದಲು. ಫೋನು ಮತ್ತೆ ಹೊಡೆದುಕೊಳ್ಳತೊಡಗಿತು.

“ಕೇಳೋರು ಸಾರ್,” ಎಂದ.

ಯಜಮಾನರು ಫೋನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗೀಟುಗಳ ಹಾಳೆಯನ್ನು ಎತ್ತಿಕೊಂಡು, ಕನ್ನಡಕಕ್ಕಾಗಿ ಜೇಬು ತಡವಿದರು. ಅವರು ನಲವತ್ತನ್ನೂ ಎಣಿಸಿ ಮುಗಿಸುವ ಹೊತ್ತಿಗೆ ಅವನು ನಲವತ್ತೊಂದನೆಯ ಕರೆಯನ್ನು ಎತ್ತಿದ್ದ.